ಊಟ ತನ್ನಿಚ್ಛೆ, ಉಡುಗೆ ಯಾರಿಚ್ಛೆ?

(ಮಹಿಳಾ ಕಾಲೇಜೊಂದರ ವಿದ್ಯಾರ್ಥಿನಿಯರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು. ಎಲೆಯ ಮೇಲೆ ಏನು ಬಡಿಸಬೇಕೆಂದು ಉಣ್ಣುವವರ ನಾಲಗೆ ಹೇಳಲಿ, ಮೈಮೇಲೆ ಏನು ತೊಡಬೇಕೆಂದು ನೋಡುವವರ ಕಣ್ಣು ಹೇಳಲಿ ಎಂದು ಹಿರಿಯರು ಮಾಡಿಟ್ಟ ಪಾಲು ಇದು. ಊಟದ ಪಾಲಿನ ಬಗ್ಗೆ ಯಾರದೂ ತಕರಾರಿಲ್ಲ. ಉಡುಗೆಯ ಪಾಲನ್ನು ಮಾತ್ರ ಒಮ್ಮೆ ಬಿಚ್ಚಿ ನೋಡಬೇಕಾಗಿದೆ.

ಯಾವುದೇ ಊರಿನ ಸೀರೆ ಅಂಗಡಿಗೆ ಹೋಗಿ ಒಂದು ಗಂಟೆ ಕುಳಿತರೆ ಸಾಕು, ವಿಷಯ ಅರ್ಥವಾಗುತ್ತದೆ. ಹುಡುಗಿಯ ಕೈ ತಾನಾಗಿ ಗಿಳಿಹಸಿರು ಬಣ್ಣದ ಸೀರೆಯ ಕಡೆಗೆ ಹೋಗುತ್ತದೆ. ‘ಬೇಡಮ್ಮ, ನಿನ್ನ ಬಣ್ಣಕ್ಕೆ ಅದು ಒಪ್ಪೋದಿಲ್ಲ’ ಎನ್ನುತ್ತಾರೆ ಅಮ್ಮ. ‘ಅಂಚು ದೊಡ್ಡದಾಯ್ತು, ಇನ್ನೂ ಕುಳ್ಳಗೆ ಕಾಣ್ತೀಯ’ ಎನ್ನುತ್ತಾರೆ ಚಿಕ್ಕಮ್ಮ. ‘ಅಕ್ಕಾ, ಇದು ನೋಡಿ, ಉಟ್ಟರೆ ತೆಳ್ಳಗೆ ಕಾಣ್ತೀರಿ’ ಎಂದು ಅಂಗಡಿಯವನು ಮತ್ತೊಂದನ್ನು ಹರಡುತ್ತಾನೆ. ಕೊನೆಗೆ ಒಂದು ಸೀರೆ ಮನೆಗೆ ಬರುತ್ತದೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಅದು ಯಾರಿಗೂ ಇಷ್ಟವಾದ ಸೀರೆಯಲ್ಲ. ಕಪ್ಪು, ಕುಳ್ಳು, ದಪ್ಪ ಎಂಬ ಮೂರು ಆರೋಪಗಳಿಗೆ ಕೊಟ್ಟ ಸಮಜಾಯಿಷಿ ಅದು.

ಗಂಡಸರೂ ಇದರಿಂದ ಪಾರಾಗಿಲ್ಲ. ಸಣಕಲು ತೋಳಿನವನು ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಡುವುದಿಲ್ಲ. ಬೋಳುತಲೆಯವನಿಗೆ ಟೋಪಿಯೇ ಗತಿ. ಹೊಟ್ಟೆ ಬಂದವನು ಅಂಗಿಯನ್ನು ಪ್ಯಾಂಟಿನ ಒಳಗೆ ಸಿಕ್ಕಿಸಲು ಹಿಂಜರಿಯುತ್ತಾನೆ. ಹೀಗೆ ಉಡುಗೆ ಎಂಬುದು ಬಹುಪಾಲು ಜನರಿಗೆ ಮುಚ್ಚಿಡುವ ಕಲೆಯಾಗಿದೆ. ಇದಕ್ಕೆ ಬೇರೆ ದಾರಿ ಇಲ್ಲವೇ? ಇಷ್ಟವಾದುದನ್ನು ತೋರಿಸಲೆಂದೇ ಉಡುವುದು ಸಾಧ್ಯವಿಲ್ಲವೇ? ಉತ್ತರ ಹುಡುಕಲು ಬಹು ದೂರದ ಒಂದು ಮನೆಗೆ ಹೋಗಿಬರಬೇಕು.

ಮೆಕ್ಸಿಕೊ ನಗರದ ಕೊಯೊವಕಾನ್ ಬಡಾವಣೆಯಲ್ಲಿ ‘ಕಾಸಾ ಅಸುಲ್’ ಎಂಬ ಮನೆಯಿದೆ. ಹಾಗೆಂದರೆ ನೀಲಿ ಮನೆ. ಚಿತ್ರಕಲಾವಿದೆ ಫ್ರೀಡಾ ಕಾಲೊ 1907ರಲ್ಲಿ ಹುಟ್ಟಿ ಬೆಳೆದದ್ದು, 1954ರಲ್ಲಿ ತೀರಿಕೊಂಡದ್ದು ಅಲ್ಲಿಯೇ. 1958ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಆಕೆಯ ಕೋಣೆಗೆ ಹೊಂದಿಕೊಂಡ ಬಚ್ಚಲುಮನೆಯನ್ನು ಮಾತ್ರ ಮುಚ್ಚಿಡಲಾಗಿತ್ತು. ತನ್ನ ಸಾವಿನ ನಂತರ ಹದಿನೈದು ವರ್ಷ ಅದನ್ನು ತೆರೆಯಕೂಡದೆಂದು ಪತಿ, ಖ್ಯಾತ ಭಿತ್ತಿಚಿತ್ರಕಾರ ಡಿಯೇಗೊ ರಿವೇರಾ ಹೇಳಿದ್ದರು. ಮನೆಯ ಹೊಣೆ ಹೊತ್ತಿದ್ದ ಡೊಲೊರೆಸ್ ಒಲ್ಮೆಡೊ ಅವರು ತಾವು ಬದುಕಿರುವವರೆಗೂ ಅದನ್ನು ತೆರೆಯಗೊಡಲಿಲ್ಲ. ಕೊನೆಗೂ ಬಾಗಿಲು ತೆರೆದದ್ದು 2004ರಲ್ಲಿ, ಫ್ರೀಡಾ ತೀರಿಕೊಂಡು ಐವತ್ತು ವರ್ಷಗಳಾದ ಮೇಲೆ. ಒಳಗೆ ಸುಮಾರು 300 ವಸ್ತುಗಳಿದ್ದವು: ಬಣ್ಣಬಣ್ಣದ ಲಂಗ-ಕುಪ್ಪಸಗಳು, ಶಾಲುಗಳು, ಒಡವೆ, ಔಷಧಿ, ಊರುಗೋಲು, ಬೆನ್ನಿಗೆ ಕಟ್ಟುವ ಪಟ್ಟಿಗಳು, ಒಂದು ಕೃತಕ ಕಾಲು.

ಈ ಪಟ್ಟಿಯಲ್ಲಿ ಲಂಗವೂ ಊರುಗೋಲೂ ಒಟ್ಟಿಗೆ ಇರುವುದನ್ನು ಗಮನಿಸಬೇಕು. ಫ್ರೀಡಾಳ ಬದುಕೂ ಹಾಗೆಯೇ ಇತ್ತು. ಆರನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಬಲಗಾಲು ಸೊರಗಿತು. ಶಾಲೆಯ ಹುಡುಗರು ‘ಮರಗಾಲಿನ ಫ್ರೀಡಾ’ ಎಂದು ಕೂಗುತ್ತಿದ್ದರು. ಆ ಹುಡುಗಿ ಆಗ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಎರಡು ಕಾಲೂ ಸಮವಾಗಿ ಕಾಣಲೆಂದು ಸಣ್ಣಗಾದ ಕಾಲಿಗೆ ಮೂರು ನಾಲ್ಕು ಕಾಲುಚೀಲಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುತ್ತಿದ್ದಳು. 1925ರ ಸೆಪ್ಟೆಂಬರ್ 17ರಂದು ಆಕೆ ಕುಳಿತಿದ್ದ ಬಸ್ಸಿಗೆ ಟ್ರಾಮ್ ಡಿಕ್ಕಿ ಹೊಡೆಯಿತು. ಬೆನ್ನುಮೂಳೆ, ಸೊಂಟ, ಬಲಗಾಲು ಮುರಿದವು. ಆಗ ಆಕೆಗೆ ಹದಿನೆಂಟು. ಅಲ್ಲಿಂದ ಮುಂದೆ ಬದುಕಿನುದ್ದಕ್ಕೂ ಶಸ್ತ್ರಚಿಕಿತ್ಸೆಗಳು, ಗಾರೆಯ ಮತ್ತು ಉಕ್ಕಿನ ಕವಚಗಳು. ಹಾಸಿಗೆಯಲ್ಲಿ ಮಲಗಿದ್ದಾಗಲೇ, ತಲೆಯ ಮೇಲೆ ಕಟ್ಟಿದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಆಕೆ ಚಿತ್ರ ಬರೆಯಲು ಶುರು ಮಾಡಿದ್ದು.

ಮುಂದಿನ ದಿನಗಳಲ್ಲಿ ಫ್ರೀಡಾ ಆರಿಸಿಕೊಂಡ ಉಡುಗೆ ಯಾವುದು? ಮೆಕ್ಸಿಕೊದ ದಕ್ಷಿಣಕ್ಕೆ, ಓಹಾಕಾ ಪ್ರಾಂತದಲ್ಲಿ, ತೆಹುವಾಂತೆಪೆಕ್ ಎಂಬ ಪ್ರದೇಶವಿದೆ. ಅಲ್ಲಿಯ ಸಂತೆಗಳಲ್ಲಿ ವ್ಯಾಪಾರ ನಡೆಸುವವರು ಹೆಂಗಸರು. ಗಟ್ಟಿಗಿತ್ತಿಯರೆಂದು ಅವರಿಗೆ ದೇಶದಲ್ಲೆಲ್ಲ ಹೆಸರು. ಅವರ ಉಡುಗೆಗೆ ತೆಹುವಾನಾ ಎಂದು ಹೆಸರು. ನೆಲ ಮುಟ್ಟುವ ಲಂಗ, ಅದರ ತುದಿಗೆ ಬಿಳಿಯ ನೆರಿಗೆ, ಮೇಲೆ ‘ಉಯಿಪಿಲ್’ ಎಂಬ ಕಸೂತಿಯ ಕುಪ್ಪಸ, ಹೆಗಲಿಗೆ ‘ರೆಬೋಸೊ’ ಎಂಬ ಶಾಲು, ಜಡೆ ಎತ್ತಿ ಕಟ್ಟಿದ ತಲೆಯಲ್ಲಿ ಹೂವು. 1910ರಲ್ಲಿ ಆರಂಭವಾದ ಕ್ರಾಂತಿಯ ನಂತರ ಮೆಕ್ಸಿಕೊದ ವಿದ್ಯಾವಂತರಲ್ಲಿ ನೆಲದ ಸಂಸ್ಕೃತಿಯ ಬಗ್ಗೆ ಹೊಸ ಅಭಿಮಾನ ಹುಟ್ಟಿತ್ತು. ಫ್ರೀಡಾಳಿಗೆ ಆ ಅಭಿಮಾನ ಎಷ್ಟಿತ್ತೆಂದರೆ, ತಾನು ಹುಟ್ಟಿದ್ದೇ 1910ರಲ್ಲಿ ಎಂದು ಹೇಳಿಕೊಳ್ಳುತ್ತಿದ್ದಳು. 1930ರಲ್ಲಿ ಗಂಡನೊಡನೆ ಸ್ಯಾನ್ ಫ್ರಾನ್ಸಿಸ್ಕೊಕ್ಕೆ ಹೋದಾಗ ಆಕೆಯ ಉಡುಗೆಯನ್ನು ಬೀದಿಯ ಜನ ನಿಂತು ನೋಡುತ್ತಿದ್ದರೆಂದು ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಉದ್ದ ಲಂಗ ಸೊರಗಿದ ಕಾಲನ್ನು ಮುಚ್ಚಿತು. ಸಡಿಲವಾದ ಉಯಿಪಿಲ್ ಬೆನ್ನಿನ ಕವಚವನ್ನು ಮುಚ್ಚಿತು. ಅಂದಮೇಲೆ ಇದೂ ಕುಂದು ಮುಚ್ಚುವ ಉಪಾಯವೇ ಅಲ್ಲವೇ?

ಹೌದು, ಮುಚ್ಚಿತು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಲು ಮುಚ್ಚುವುದಷ್ಟೇ ಉದ್ದೇಶವಾಗಿದ್ದರೆ ಒಂದು ಸಾದಾ ಉದ್ದ ಲಂಗ ಸಾಕಾಗಿತ್ತು; ಷರಾಯಿಯೂ ಆಗುತ್ತಿತ್ತು. 1926ರ ಕುಟುಂಬದ ಫೋಟೊ ಒಂದರಲ್ಲಿ ಆಕೆ ಗಂಡಸರ ಸೂಟು ತೊಟ್ಟು ನಿಂತಿದ್ದಾಳೆ. ಯಾರ ಕಣ್ಣಿಗೂ ಬೀಳದಂತೆ ಮರೆಯಾಗಬೇಕೆಂದಿದ್ದವಳು ಬೀದಿಯಲ್ಲಿ ಜನ ತಿರುಗಿ ನೋಡುವಂಥ ಕೆಂಪು, ಹಳದಿ, ನೇರಳೆ ಬಣ್ಣಗಳನ್ನು ಉಡುತ್ತಿರಲಿಲ್ಲ. ಕಾಲುಚೀಲದ ಹುಡುಗಿಗೂ ತೆಹುವಾನಾ ಉಟ್ಟ ಹೆಂಗಸಿಗೂ ಇರುವ ವ್ಯತ್ಯಾಸ ಇದು. ಹುಡುಗಿ ಕಾಲಿನಿಂದ ಶುರು ಮಾಡಿ ಬಟ್ಟೆಗೆ ಬಂದಳು. ಹೆಂಗಸು ತನಗೆ ಪ್ರಿಯವಾದುದರಿಂದ, ಅಂದರೆ ತನ್ನ ನೆಲ, ತನ್ನ ಬಣ್ಣ, ಸಂತೆಯ ಆ ಗಟ್ಟಿಗಿತ್ತಿಯರಿಂದ ಶುರು ಮಾಡಿದಳು. ಕಾಲಿಗೆ ಅನುಕೂಲವಾದದ್ದು ಆಮೇಲಿನ ಮಾತು.

ಇದಕ್ಕೆ ಬೇರೆ ಸಾಕ್ಷಿಗಳೂ ಇವೆ. ಫ್ರೀಡಾಳ ಎರಡು ಹುಬ್ಬುಗಳು ನಡುವೆ ಕೂಡಿಕೊಂಡಿದ್ದವು. ಕೂಡುಹುಬ್ಬನ್ನು ಕಿತ್ತು ತೆಗೆಯುವುದು ಅಂದಿಗೂ ಇಂದಿಗೂ ರೂಢಿ. ಆಕೆಯ ವಸ್ತುಗಳ ನಡುವೆ ಸಿಕ್ಕಿದ್ದು ಹುಬ್ಬನ್ನು ಇನ್ನಷ್ಟು ಕಪ್ಪಾಗಿಸುವ ಪೆನ್ಸಿಲ್! ತನ್ನ ಭಾವಚಿತ್ರಗಳಲ್ಲಿ ಆ ಹುಬ್ಬನ್ನೂ ತುಟಿಯ ಮೇಲಿನ ನವಿರು ಕೂದಲನ್ನೂ ಆಕೆ ಬಿಡದೆ ಬರೆದಳು. ಗಾರೆಯ ಕವಚಗಳ ಮೇಲೆಯೇ ಚಿತ್ರ ಬಿಡಿಸಿದಳು. 1944ರಲ್ಲಿ ಬರೆದ ‘ಮುರಿದ ಕಂಬ’ ಎಂಬ ಚಿತ್ರದಲ್ಲಂತೂ ಮೈ ಸೀಳಿ, ಒಳಗಿನ ಒಡೆದ ಬೆನ್ನನ್ನೂ ಉಕ್ಕಿನ ಪಟ್ಟಿಯನ್ನೂ ಲೋಕಕ್ಕೆ ತೋರಿಸಿದಳು. ಬೇಕಾದಾಗ ತೋರಿಸುವ, ಬೇಡವಾದಾಗ ಮರೆಮಾಡುವ ಅಧಿಕಾರ ಆಕೆಯ ಕೈಯಲ್ಲಿತ್ತು, ನೋಡುವವರ ಕೈಯಲ್ಲಿರಲಿಲ್ಲ.

ಆಕೆ ಒಂದೇ ಉಡುಗೆಗೆ ಅಂಟಿಕೊಂಡವಳೂ ಅಲ್ಲ. ಮೆಕ್ಸಿಕೊದ ಲಂಗಕ್ಕೆ ಗ್ವಾಟೆಮಾಲಾದ ಬಟ್ಟೆ, ಯೂರೋಪಿನ ಲೇಸು, ಚೀನಾದ ರೇಷ್ಮೆ ಎಲ್ಲವನ್ನೂ ಜೊತೆಗೂಡಿಸುತ್ತಿದ್ದಳು. 1947ರ ಒಂದು ಫೋಟೊದಲ್ಲಿ ಫ್ರೀಡಾ ಸೀರೆ ಉಟ್ಟಿದ್ದಾಳೆ! ಜೊತೆಯಲ್ಲಿರುವವರು ವಿಜಯಲಕ್ಷ್ಮಿ ಪಂಡಿತರ ಪುತ್ರಿಯರಾದ ನಯನತಾರಾ ಮತ್ತು ರೀಟಾ. ಸೀರೆ ಆಕೆಗೆ ಪರಕೀಯವಾಗಿ ಕಾಣುವುದಿಲ್ಲ. ಕಾರಣವೂ ಸರಳ. ಉಯಿಪಿಲ್ ಎಂದರೆ ಎರಡು ಮೂರು ಆಯತಾಕಾರದ ತುಂಡುಗಳನ್ನು ಕೂಡಿಸಿ, ಕತ್ತಿಗೆ ಜಾಗ ಬಿಟ್ಟ ಬಟ್ಟೆ. ಸೀರೆಯಂತೂ ಕತ್ತರಿಯನ್ನೇ ಕಾಣದ ಬಟ್ಟೆ. ಎರಡೂ ಮೈಯ ಅಳತೆ ಕೇಳುವುದಿಲ್ಲ. ಇಪ್ಪತ್ತರಲ್ಲಿ ಉಟ್ಟ ಸೀರೆಯನ್ನು ಐವತ್ತರಲ್ಲೂ ಉಡಬಹುದು. ತೆಳ್ಳಗಿನ ಅತ್ತಿಗೆಯ ಸೀರೆಯನ್ನು ದಪ್ಪಗಿನ ನಾದಿನಿ ಉಡಬಹುದು. ಕುಪ್ಪಸದ ಹೊಲಿಗೆ ಬಿಚ್ಚಬೇಕಾಗಬಹುದು, ಸೀರೆಯನ್ನಲ್ಲ.

ಅಳತೆಯ ಮಾತು ಬಂದದ್ದರಿಂದ ಅದರ ಚರಿತ್ರೆಯನ್ನೂ ತುಸು ನೋಡಬಹುದು. ದರ್ಜಿ ಹೊಲಿಯುವ ಕಾಲದಲ್ಲಿ ಬಟ್ಟೆ ಮೈಗೆ ತಕ್ಕಂತೆ ಇರಬೇಕಿತ್ತು. ಸಿದ್ಧ ಉಡುಪು ಬಂದ ಮೇಲೆ ಮೈಯೇ ಬಟ್ಟೆಗೆ ತಕ್ಕಂತೆ ಇರಬೇಕಾಯಿತು. ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಹೆಂಗಸರನ್ನು ನಿಲ್ಲಿಸಿ, ಒಬ್ಬೊಬ್ಬರಿಂದಲೂ ಐವತ್ತಕ್ಕೂ ಹೆಚ್ಚು ಅಳತೆಗಳನ್ನು ತೆಗೆಸಿತು. ವರದಿ ಹೊರಬಂದದ್ದು 1941ರಲ್ಲಿ. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ಅದರ ಆಧಾರದ ಮೇಲೆ 1958ರಲ್ಲಿ ಅಲ್ಲಿನ ಸರ್ಕಾರ ಹೆಂಗಸರ ಉಡುಪಿನ ಅಳತೆಗಳಿಗೆ ಒಂದು ಮಾನಕವನ್ನು ಪ್ರಕಟಿಸಿತು. ಅದು ಜನರಿಗೆ ಹೊಂದಲಿಲ್ಲ. 1983ರಲ್ಲಿ ಅದನ್ನು ಕೈಬಿಡಲಾಯಿತು. ಆಮೇಲೆ ಒಂದೊಂದು ಕಂಪೆನಿಯದೂ ಒಂದೊಂದು ಅಳತೆ. ಒಂದು ಅಂಗಡಿಯ ‘ಮೀಡಿಯಂ’ ಮತ್ತೊಂದು ಅಂಗಡಿಯಲ್ಲಿ ‘ಲಾರ್ಜ್’ ಆಗುವುದು ಹೀಗೆ. ಅಂಗಡಿಯ ಪುಟ್ಟ ಕೋಣೆಯಲ್ಲಿ ಬಟ್ಟೆ ಹಿಡಿಸದೆ ಹೋದಾಗ ಎಷ್ಟೋ ಹೆಣ್ಣುಮಕ್ಕಳು ತಮ್ಮ ಮೈಯನ್ನೇ ಹಳಿದುಕೊಳ್ಳುತ್ತಾರೆ. ತಪ್ಪು ಬಟ್ಟೆಯ ಅಳತೆಯದಾಗಿರಬಹುದು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಕುಂದು ಮುಚ್ಚುವ ಶಾಸ್ತ್ರದ ಸೂತ್ರಗಳಾದರೂ ನಂಬಲರ್ಹವೇ? ‘ದಪ್ಪಗಿರುವವರು ಅಡ್ಡಗೆರೆಯ ಬಟ್ಟೆ ಹಾಕಬಾರದು’ ಎಂಬ ಉಪದೇಶವನ್ನೇ ತೆಗೆದುಕೊಳ್ಳೋಣ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಲ್ಲೇ ಇದರ ಸೊಲ್ಲೆತ್ತಿದ್ದರು. ಒಂದೇ ಅಳತೆಯ ಎರಡು ಚೌಕಗಳಲ್ಲಿ ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಉದ್ದಗೆರೆ ಎಳೆದರೆ, ಅಡ್ಡಗೆರೆಯದೇ ಎತ್ತರವಾಗಿಯೂ ಕಿರಿದಾಗಿಯೂ ಕಾಣುತ್ತದೆ ಎಂದು ಅವರು ತೋರಿಸಿಕೊಟ್ಟರು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಮ್ಸನ್ ಮತ್ತು ಸಂಗಡಿಗರು ಇದನ್ನು ಹೆಂಗಸರ ಚಿತ್ರಗಳ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಡ್ಡಗೆರೆಯಿಂದ ದಪ್ಪ ಕಾಣುವುದಿಲ್ಲ ಎಂಬುದೇ ಅವರ ತೀರ್ಮಾನ. ಇಷ್ಟು ವರ್ಷ ಅಡ್ಡಗೆರೆಯ ಬಟ್ಟೆಯನ್ನು ಆಸೆಪಟ್ಟು ಕೆಳಗಿಟ್ಟವರಿಗೆ ಆದ ನಷ್ಟವನ್ನು ಯಾರು ತುಂಬಿಕೊಡಬೇಕು?

‘ಎಲ್ಲರೂ ನನ್ನನ್ನೇ ನೋಡುತ್ತಾರೆ’ ಎಂಬ ಅಳುಕಿಗೂ ಒಂದು ಪರೀಕ್ಷೆ ನಡೆದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ನಾಚಿಕೆ ಹುಟ್ಟಿಸುವಂಥ ಚಿತ್ರವಿದ್ದ ಟೀ-ಶರ್ಟ್ ತೊಡಿಸಿ, ಬೇರೆಯವರು ಕುಳಿತಿದ್ದ ಕೋಣೆಗೆ ಒಬ್ಬೊಬ್ಬರನ್ನಾಗಿ ಕಳಿಸಿದರು. ಅಂಗಿಯ ಮೇಲಿದ್ದವರು ಯಾರೆಂಬುದನ್ನು ಕೋಣೆಯಲ್ಲಿದ್ದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದ್ದವರು ಕಾಲುಭಾಗಕ್ಕಿಂತ ಹೆಚ್ಚಿರಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನದ ಸಾರ ಇಷ್ಟೇ: ಜನ ನಮ್ಮ ಕುಂದನ್ನು ನಾವೆಣಿಸಿದಷ್ಟು ನೋಡುವುದಿಲ್ಲ. ಅವರಿಗೆ ಅವರದೇ ಚಿಂತೆ.

ಇನ್ನು ನಮ್ಮ ಉತ್ತರ ಕರ್ನಾಟಕದತ್ತ ಬರೋಣ. ಧಾರವಾಡ ಸೀಮೆಯ ಕಸೂತಿ ಹೆಸರಾದದ್ದು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಸಮ ಕಾಣಬೇಕು. ಇಷ್ಟೆಲ್ಲ ಕಷ್ಟಪಟ್ಟು ಹೆಂಗಸರು ಮೂಡಿಸಿದ್ದು ಏನನ್ನು? ಗೋಪುರ, ತೇರು, ತುಳಸಿ ವೃಂದಾವನ, ಆನೆ, ಗಿಳಿ, ನವಿಲು, ತೊಟ್ಟಿಲು. ಕಣ್ಣಾರೆ ಕಂಡು ಮನಸ್ಸಿಗೆ ಹಿಡಿಸಿದ ಲೋಕವೆಲ್ಲ ಸೆರಗಿಗೆ ಬಂದು ಕುಳಿತಿತು. ಆ ಕಸೂತಿಗೆ ಮೆಚ್ಚಿನ ನೆಲೆಯಾಗಿದ್ದದ್ದು ಚಂದ್ರಕಾಳಿ ಸೀರೆ, ಅಂದರೆ ಅಪ್ಪಟ ಕಪ್ಪು ಸೀರೆ. ಕಪ್ಪಗಿನವರು ಕಪ್ಪು ಉಡಬಾರದೆಂಬ ನಿಯಮ ಆ ಸೂಜಿ ಹಿಡಿದ ಕೈಗಳನ್ನು ತಡೆಯಲಿಲ್ಲ. ಕೆಂಪು, ಹಸಿರು, ಹಳದಿ ದಾರ ಎದ್ದು ಕಾಣಲು ಕಪ್ಪಿಗಿಂತ ಒಳ್ಳೆಯ ನೆಲ ಯಾವುದಿದೆ?

ಹಾಗೆಂದು ಹಳೆಯದೆಲ್ಲ ಒಲವಿನ ಉಡುಗೆ, ಹೊಸದೆಲ್ಲ ಅಳುಕಿನ ಉಡುಗೆ ಎಂದು ತಿಳಿದರೆ ತಪ್ಪಾಗುತ್ತದೆ. ಈ ದೇಶದಲ್ಲಿ ಯಾರು ಏನು ಉಡಬೇಕು, ಎಲ್ಲಿಯವರೆಗೆ ಉಡಬೇಕು, ಯಾವ ಲೋಹದ ಒಡವೆ ತೊಡಬೇಕು ಎಂಬುದನ್ನು ಜಾತಿಯೇ ವಿಧಿಸಿತ್ತು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ನೆರೆದಿದ್ದ ದಲಿತ ಹೆಂಗಸರನ್ನು ಉದ್ದೇಶಿಸಿ ಡಾ. ಅಂಬೇಡ್ಕರ್ ಮಾತನಾಡಿದರು. ಅಸ್ಪೃಶ್ಯರೆಂದು ಗುರುತು ಹಚ್ಚುವಂಥ ಸೀರೆಯ ಕಟ್ಟನ್ನೂ ಭಾರದ ಒಡವೆಗಳನ್ನೂ ಬಿಟ್ಟುಬಿಡಿ ಎಂದು ಅವರಿಗೆ ತಿಳಿಹೇಳಿದರು. ಆ ಹೆಂಗಸರು ಅಲ್ಲಿಯೇ ಸೀರೆ ಉಡುವ ಕ್ರಮವನ್ನು ಬದಲಿಸಿಕೊಂಡರು. ಅವರ ಪಾಲಿಗೆ ಸಂಪ್ರದಾಯದ ಉಡುಗೆಯೇ ಅವಮಾನದ ಗುರುತಾಗಿತ್ತು. ಅದನ್ನು ಕಳಚುವುದೇ ಸ್ವಾಭಿಮಾನವಾಗಿತ್ತು. ಅಂಬೇಡ್ಕರ್ ಅವರ ಸೂಟನ್ನೂ ಹೀಗೆಯೇ ನೋಡಬೇಕು. ಫ್ರೀಡಾ ಹಳ್ಳಿಯ ಉಡುಗೆಯನ್ನು ಆರಿಸಿಕೊಂಡಳು, ಏಕೆಂದರೆ ಪಟ್ಟಣದ ಮಧ್ಯಮವರ್ಗದ ಆಕೆಗೆ ಆಯ್ಕೆ ಇತ್ತು. ಆಯ್ಕೆಯೇ ಇಲ್ಲದವರಿಗೆ ಮೊದಲು ಬೇಕಾದದ್ದು ಆಯ್ಕೆಯ ಹಕ್ಕು. ಆದ್ದರಿಂದ ಯಾವ ಬಟ್ಟೆ ಎಂಬುದಕ್ಕಿಂತ ಯಾರು ಆರಿಸಿದ್ದು ಎಂಬುದೇ ದೊಡ್ಡ ಪ್ರಶ್ನೆ.

ಮತ್ತೊಂದು ಮಾತನ್ನೂ ಮರೆಮಾಚಬಾರದು. ಇಷ್ಟದ ಬಟ್ಟೆ ತೊಟ್ಟರೆ ನೋವು ಮಾಯವಾಗುತ್ತದೆ ಎಂದು ಹೇಳಿದರೆ ಅದು ಜಾಹೀರಾತಿನ ಮಾತಾಗುತ್ತದೆ. ಫ್ರೀಡಾಳ ನೋವು ಕಡೆಯವರೆಗೂ ಹೋಗಲಿಲ್ಲ. 1953ರಲ್ಲಿ ಸ್ವದೇಶದಲ್ಲಿ ಆಕೆಯ ಚಿತ್ರಗಳ ಮೊದಲ ಪ್ರತ್ಯೇಕ ಪ್ರದರ್ಶನ ನಡೆದಾಗ ನಡೆಯುವ ಸ್ಥಿತಿ ಇರಲಿಲ್ಲ; ಮಂಚವನ್ನೇ ಅಲ್ಲಿಗೆ ಸಾಗಿಸಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಆಕೆ ತೀರಾ ಕುಗ್ಗಿಹೋದಳು. ಮರುವರ್ಷ ಜುಲೈ 13ರಂದು ತೀರಿಕೊಂಡಳು. ಆಗ ಆಕೆಗೆ 47 ವರ್ಷ.

ಬಚ್ಚಲುಮನೆಯಲ್ಲಿ ಸಿಕ್ಕ ಕೃತಕ ಕಾಲು ಆ ಕೊನೆಯ ತಿಂಗಳುಗಳದು. 2018ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಫ್ರೀಡಾಳ ಉಡುಗೆಗಳ ಪ್ರದರ್ಶನ ನಡೆದಾಗ ಅದನ್ನೂ ಇಡಲಾಗಿತ್ತು. ಆ ಕಾಲಿಗೆ ತೊಡಿಸಿರುವುದು ಕಡುಗೆಂಪು ಚರ್ಮದ ಬೂಟು. ಅದರ ಮೇಲೆ ಚೀನಾದ ಕಸೂತಿ ಮಾಡಿದ ರೇಷ್ಮೆಯ ತುಂಡು. ಜೊತೆಗೆ ಒಂದು ಕಿರುಗಂಟೆ. ಮೂರು ನಾಲ್ಕು ಕಾಲುಚೀಲ ಹಾಕಿ ಸೊರಗಿದ ಕಾಲನ್ನು ಬಚ್ಚಿಡುತ್ತಿದ್ದ ಹುಡುಗಿ, ಇಲ್ಲದ ಕಾಲಿನ ಜಾಗಕ್ಕೆ ಬಂದ ಕಾಲಿಗೆ ಗಂಟೆ ಕಟ್ಟಿದಳು. ಮುಚ್ಚಿಡಬೇಕೆನ್ನುವವರು ಅದಕ್ಕೆ ಗಂಟೆ ಕಟ್ಟುವುದಿಲ್ಲ.

ಸ್ನೇಹಿತರೇ, ಇಲ್ಲಿರುವ ಯಾರೂ ಫ್ರೀಡಾ ಆಗಬೇಕಿಲ್ಲ. ಹೆಚ್ಚು ಹಣ ಖರ್ಚು ಮಾಡಬೇಕಾಗಿಯೂ ಇಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಇಳಕಲ್ ಸೀರೆಯೂ ಆದೀತು, ಸಂತೆಯಲ್ಲಿ ಕೊಂಡ ಹತ್ತಿಯ ಅಂಗಿಯೂ ಆದೀತು. ಕಚೇರಿಗೆ, ಸಾವಿನ ಮನೆಗೆ, ದೇವಸ್ಥಾನಕ್ಕೆ ಅಲ್ಲಲ್ಲಿಯ ಮರ್ಯಾದೆ ಇದ್ದೇ ಇದೆ. ಗಾದೆ ಅಷ್ಟರಮಟ್ಟಿಗೆ ಸರಿ. ಆದರೆ ಮುಂದಿನ ಸಲ ಅಂಗಡಿಯಲ್ಲಿ ಮಗಳ ಕೈ ಗಿಳಿಹಸಿರಿನ ಕಡೆಗೆ ಹೋದಾಗ, ‘ನಿನ್ನ ಬಣ್ಣಕ್ಕೆ ಒಪ್ಪೋದಿಲ್ಲ’ ಎನ್ನುವ ಮೊದಲು ಪೋಷಕರು ಒಂದು ಪ್ರಶ್ನೆ ಕೇಳಬಹುದು: ‘ಯಾಕಮ್ಮ, ಇದು ನಿನಗೆ ಇಷ್ಟವಾಯಿತಾ?’ ಆಕೆ ಹೌದೆಂದರೆ, ಅಂಗಡಿಯವನಿಗೆ ಅದನ್ನೇ ಕಟ್ಟಲು ಹೇಳಿ.